ಮೂರು ನಿಮಿಷ

ಹಸಿರು ದೀಪ ಹತ್ತಿದೆ, ಮಾತಾಡಬಹುದು ಅಂದಿರಿ.
ನಾನು ವರ್ನೀಸ್ ಗಿಯರಿ, ಇದೇ ಲೇಕ್ ಚಾರ್ಲ್ಸಿನವಳು,
ಶಾಲೆಯ ಅಡುಗೆಮನೆಯಲ್ಲಿ ಕೆಲಸ.

ರಾತ್ರಿ ಎರಡೂವರೆಗೆ ಮೊದಲ ಫೋನು.
ಬೆಣ್ಣೆ ಸವರಿದ ದನಿ:
"ನಿಮ್ಮ ಎಲ್ರಾಯ್ ಒಳಗಿದ್ದಾನೆ ತಾಯಿ,
ನೂರಕ್ಕೆ ಹನ್ನೆರಡು ಕಟ್ಟಿ, ಬೆಳಗಾಗೋದರೊಳಗೆ ಜಾಮೀನು."
ಮಗ ಒಳಗಿರುವುದು ನನಗೆ ತಿಳಿದದ್ದೇ ಹಾಗೆ.
ಅವನ ತೂಕ, ಹುಟ್ಟಿದ ದಿನ, ತೋಳಿನ ಹಚ್ಚೆ
ಎಲ್ಲ ಗೊತ್ತು ಆ ದನಿಗೆ;
ಹಚ್ಚೆಯ ಹೆಸರು ತೀರಿಕೊಂಡ ತಂಗಿಯದು
ಅನ್ನೋದೊಂದು ಬಿಟ್ಟು.

ಆಮೇಲೆ ಇನ್ನೊಬ್ಬ. ಮತ್ತೊಬ್ಬ.
ಸೀಗಡಿ ಬುಟ್ಟಿಗೆ ನೊಣ ಮುತ್ತುವುದು ಕಂಡವಳು ನಾನು,
ನೊಣಕ್ಕೂ ಇಷ್ಟು ಬೇಗ ವಾಸನೆ ಹತ್ತೋದಿಲ್ಲ.
ಮನೆಪತ್ರ ಯಾರ ಹೆಸರಲ್ಲಿದೆ ಅಂತ ಒಬ್ಬ ಕೇಳಿದ.
ಅಳುತ್ತಿದ್ದೆ, ಹೇಳಿಯೂಬಿಟ್ಟೆ.

ಆರು ಸಲ ಎತ್ತಿದೆ.
ಏಳನೆಯವನಿಗೆ, ದನಿ ಕೇಳುವ ಮೊದಲೇ,
ಬಾಯಿಗೆ ಬಂದಂತೆ ಬೈದು
ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ.

ಅದು ಎಲ್ರಾಯ್.
ಅವನಿಗೆ ಕೊಟ್ಟಿದ್ದು ಅದೊಂದೇ ಕರೆ.
ಮನೆಗೆ ಬಂದ ಮೇಲೂ ಅದರ ಮಾತೆತ್ತಿಲ್ಲ,
ಅಕ್ಕಿ ತೊಳೆಯುವಾಗ ಮಾತ್ರ ಹತ್ತಿರ ಬಂದು ನಿಲ್ಲುತ್ತಾನೆ.

ಹಳದಿ ಬಂತು, ಕಾಣುತ್ತಿದೆ ಸ್ವಾಮಿ.
ನಾನು ಕೇಳೋದು ಇಷ್ಟೇ:
ಮೊದಲು ಮಗ ಮಾತಾಡಲಿ.
ಅಂಗಡಿ ಆಮೇಲೆ ತೆಗೀರಿ.