ಹತ್ತೊಂಬತ್ತು

ಸೇತುವೆ ಕುಸಿದು ಕರಾವಳಿಯ ಬಸ್ಸು ನಿಂತುಹೋಗಿತ್ತು.
ಮಡಗಾಸ್ಕರಿನ ನಡುನೆತ್ತಿಯ ಊರು ಅಂತ್ಸಿರಾಬೆ,
ಚಳಿ, ಹನ್ನೊಂದು ದಿನ, ಮಾಡಲು ಏನೂ ಇಲ್ಲ.
ವಸತಿಗೃಹದ ಒಡತಿ ಅಂದಳು: ಬಿಸಿನೀರ ಬುಗ್ಗೆಯ ಹಿಂದೆ
ಒಂದು ಆಪರೇಷನ್ ಆಸ್ಪತ್ರೆ ಇದೆ,
ಅಲ್ಲಿ ಕೈ ಸಾಲದು, ಹೋಗಿ ನೋಡು.

"ಎಣಿಸಲು ಬರುತ್ತದಾ?"
ಸಂದರ್ಶನ ಅಷ್ಟೇ. ಕೇಳಿದವಳು ಬಾಕುಲಿ, ಹಿರಿಯ ನರ್ಸು.
ಅವಳ ಫ್ರೆಂಚಿನ ಹಿಂದೆ ನನ್ನ ಫ್ರೆಂಚು ಕುಂಟುತ್ತ ಓಡಿತು.
ಒಳಗೊಳಗೇ ನಕ್ಕೆ.
ಇಪ್ಪತ್ತೆಂಟು ವರ್ಷ ಬ್ಯಾಂಕಿನ ಗಾಜಿನ ಹಿಂದೆ
ನೋಟೆಣಿಸಿದ ಬೆರಳು ಇವು;
ಸಂಜೆ ಪೆಟ್ಟಿಗೆ ಮುಚ್ಚುವಾಗ
ಒಂದು ರೂಪಾಯಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಒಳಹೋಗುವ ಗಾಜ್ ತುಂಡು ಇಪ್ಪತ್ತು.
ನೆತ್ತರು ಕುಡಿದು ಹೊರಬರುವುದೂ ಇಪ್ಪತ್ತೇ ಆಗಬೇಕು.
ಐದೈದರಂತೆ ಕಂಬಿಗೆ ನೇತುಹಾಕಿ ಜೋರಾಗಿ ಎಣಿಸಬೇಕು.
ಮೊದಲ ದಿನ ಹೆಬ್ಬೆರಳು ತಾನಾಗಿ ತುಟಿಗೆ ಹೋಯಿತು,
ಮಾಸ್ಕಿಗೆ ತಾಗಿ ನಿಂತಿತು.
ಬಾಕುಲಿ ಹೊಸ ಕೈಗವಸು ಎಸೆದಳು, ಮಾತಾಡಲಿಲ್ಲ.

ನಾನು ಮಂಡಿಯಲ್ಲಿ ಜೋಳ ಅಳೆಯುತ್ತಿದ್ದವನ ಮಗಳು.
ಅಪ್ಪ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ.
ನಾನೂ ಹಾಗೇ: ಲಾಭ, ಎರಡು, ಮೂರು...
ಬಾಕುಲಿ ತನ್ನ ಮಾತಿನಲ್ಲಿ: ಇರಾಯ್, ರುವಾ, ತೆಲು...
ಹತ್ತು ದಾಟಿದ ಮೇಲೆ ನಮ್ಮ ದಾರಿ ತಿರುವುಮುರುವು.
ನನಗೆ ಹತ್ತು ಮೊದಲು, ಆಮೇಲೆ ಒಂಬತ್ತು.
ಅವಳಿಗೆ ಮಿಕ್ಕದ್ದು ಮೊದಲು:
ಒಂಬತ್ತು, ಹತ್ತರ ಮೇಲೆ.

ಆರನೆಯ ದಿನ ಮೇಜಿನ ಮೇಲೆ ರವೆಲು.
ಮೂವತ್ತು ವರ್ಷ ಕೈರಿಕ್ಷಾ ಎಳೆದವನು, ಹರ್ನಿಯಾ.
ಸೊಂಟದ ಕೆಳಗೆ ಮರ, ಮೇಲೆ ಎಚ್ಚರ;
ಪರದೆಯ ಈಚೆ ಅವನ ಮುಖ
ಸೂರು ನೋಡುತ್ತ ಏನೋ ಗುನುಗುತ್ತಿತ್ತು.
ಡಾಕ್ಟರ್ ಹೆರಿಜು ಸೂಜಿ ಹಿಡಿದು ನಿಂತ. "ಎಣಿಕೆ?"

ಕಂಬಿಯ ಕೊನೆಯಲ್ಲಿ ನಾಲ್ಕೇ ನೇತಾಡುತ್ತಿದ್ದವು.
ಹತ್ತೊಂಬತ್ತು, ಅಂದೆ, ಕನ್ನಡದಲ್ಲೇ.
ಯಾರಿಗೂ ತಿಳಿಯಲಿಲ್ಲ; ದನಿ ತಿಳಿಯಿತು.
ಬಾಕುಲಿ ಎಣಿಸಿದಳು. ಒಂಬತ್ತು, ಹತ್ತರ ಮೇಲೆ.
ನಾನು ಮತ್ತೆ. ಅವಳು ಮತ್ತೆ.
ಹೆರಿಜು ಸೂಜಿ ಕೆಳಗಿಟ್ಟ,
ಗಾಯದೊಳಗೆ ಬೆರಳಿಳಿಸಿ ಹುಡುಕತೊಡಗಿದ.
ರವೆಲುವಿನ ಗುನುಗು ನಿಂತಿತು.
ಗೋಡೆಯ ಗಡಿಯಾರಕ್ಕೆ ಅಷ್ಟು ಸದ್ದಿದೆಯೆಂದು
ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಕೆಟ್ಟು ಬೋರಲು ಹಾಕಿದೆವು, ಬಟ್ಟೆ ಕೊಡವಿದೆವು.
ದೀಪದ ಹುಡುಗ ಮೊಣಕಾಲೂರಿ ಮೇಜಿನಡಿ ತೆವಳಿದ.
ಆಮೇಲೆ ಬಾಕುಲಿ ನನ್ನ ಕಾಲು ನೋಡಿದಳು.
"ಎತ್ತು."
ರಬ್ಬರು ಚಪ್ಪಲಿಯ ಅಡಿಗೆ ಅಂಟಿಕೊಂಡಿತ್ತು,
ಒಣಗಿ, ಕಂದಾಗಿ, ಚೌಕವಾಗಿ.
ಇಪ್ಪತ್ತನೆಯದರ ಮೇಲೆ ನಿಂತು
ಇಪ್ಪತ್ತನೆಯದನ್ನು ಹುಡುಕುತ್ತಿದ್ದೆ ನಾನು.

ಯಾರೂ ಬೈಯಲಿಲ್ಲ. ಹೆರಿಜು ಹೊಲಿದ.
ಅಂಗಳದ ನಲ್ಲಿಯಡಿ ಚಪ್ಪಲಿ ತಿಕ್ಕುತ್ತ
ಬಹಳ ಹೊತ್ತು ಕೂತೆ.

ಮೂರು ದಿನಕ್ಕೆ ರವೆಲು ವಾರ್ಡಿನ ಬೆಂಚಿನಲ್ಲಿ
ಸೀದ ಅನ್ನದ ನೀರು ಕುಡಿಯುತ್ತಿದ್ದ. ಕರೆದ.
ಬಾಕುಲಿ ನಡುವೆ ನಿಂತು ಮಾತು ದಾಟಿಸಿದಳು.
ಆವತ್ತು ಎಷ್ಟು ಕಡಿಮೆ ಬಿದ್ದಿತ್ತು?
ಒಂದು, ಅಂದೆ.
ನಕ್ಕ; ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡ.
ಊರಿಗೆ ಬಂದ ದಿನ ಬಸ್ ನಿಲ್ದಾಣದಿಂದ
ಯಾರ ರಿಕ್ಷಾದಲ್ಲಿ ಬಂದೆ? ಹೆಸರು ಕೇಳಿರಲಿಲ್ಲ.
ಪೆಟ್ಟಿಗೆ ಎರಡಿದ್ದವು, ಏರು ಇತ್ತು,
ಅವನ ಬೆನ್ನು ಮಾತ್ರ ನೆನಪಿದೆ.
ಎಷ್ಟು ಕೇಳಿದ? ಮೂರು ಸಾವಿರ ಆರಿಯಾರಿ.
ಎಷ್ಟು ಕೊಟ್ಟೆ? ಎರಡು.

ರವೆಲು ಬಟ್ಟಲಿನಿಂದ ಮುಖವೆತ್ತದೆ
ಲೆಕ್ಕ ಹಾಕಿದ. ಸಿಟ್ಟಿರಲಿಲ್ಲ ದನಿಯಲ್ಲಿ,
ಸಂಜೆ ಐದಕ್ಕೆ ನಾನು ಹೇಳುತ್ತಿದ್ದೆನಲ್ಲ,
ಹಾಗೆ ಹೇಳಿದ: "ಅರಿವು."

ಬಾಕುಲಿ ದಾಟಿಸಲಿಲ್ಲ.
ಅಷ್ಟರಲ್ಲಿ ನನಗೂ ಅಲ್ಲಿಯವರೆಗೆ ಎಣಿಸಲು ಬರುತ್ತಿತ್ತು.
ಅವರ ಮಾತಿನಲ್ಲಿ ಅರಿವು ಅಂದರೆ
ಸಾವಿರ.