ಹನ್ನೊಂದನೇ ಕ್ಯಾಬಿನ್ನಿನ ಬೂಟು

ರಾತ್ರಿ ಊಟವಾದ ಮೇಲೆ ಗಾಲೀಚೆಯ ಮೇಲೆ
ಬಾಗಿಲಿಗೊಂದು ಜೊತೆ,
ಬಾಯಿ ಕಳೆದುಕೊಂಡು ಕೂತಿರುತ್ತವೆ
ಇಡೀ ದಿನ ಕೋಟೆ ಹತ್ತಿದ ಬೂಟುಗಳು.
ಪ್ಯಾಂಟ್ರಿಯ ಹಿಂದೆ ನನಗಿರುವ ಮೂರಡಿಯಲ್ಲಿ
ಹಳೇ ಪೇಪರು ಹಾಸಿ ಸಾಲಾಗಿ ಇಡುತ್ತೇನೆ.
ರೈಲು ವಾಲಿದಾಗ
ಎಲ್ಲವೂ ಒಟ್ಟಿಗೆ ಅರ್ಧ ಹೆಜ್ಜೆ ಹಾಕುತ್ತವೆ.

ಆರು ವರ್ಷದಲ್ಲಿ ಒಂದು ಕೋಟೆಗೂ ಇಳಿದವನಲ್ಲ.
ಅಟ್ಟೆ ನೋಡಿ ಊರು ಹೇಳಬಲ್ಲೆ:
ಜೈಸಲ್ಮೇರಿನದು ಕಡಲೆಹಿಟ್ಟು,
ಹೊಲಿಗೆಗೆ ಇಳಿದರೆ ಊದಿದರೂ ಬಾರದು.
ಚಿತ್ತೋಡದ್ದು ಬೂದಿ ಬಣ್ಣ,
ಅದಕ್ಕೂ ಒಂದು ಕತೆ ಹೇಳುತ್ತಾನಂತೆ ಗೈಡು.

ನನ್ನ ಹೆಸರು ದಗಡು.
ಮರಾಠಿಯಲ್ಲಿ ಹಾಗಂದರೆ ಕಲ್ಲು.
ಮೊದಲಿನ ಇಬ್ಬರು ಉಳಿಯಲಿಲ್ಲ;
ಕಲ್ಲೆಂದು ಕೂಗಿದರೆ ಸಾವಿಗೆ ಆಸೆಯಾಗದೆಂದು
ಅಜ್ಜಿ ಇಟ್ಟದ್ದು.
ಕಲ್ಲು ನೋಡಲೆಂದೇ ಕಡಲು ದಾಟಿ ಬಂದವರು
ನನ್ನನ್ನು ಡಗ್ ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ವೇರುಳ, ಮಧ್ಯಾಹ್ನ ದೌಲತಾಬಾದು.
ಅಂದರೆ ನನ್ನೂರು. ಅದಕ್ಕೆ ಕೊಟ್ಟದ್ದು ಎರಡು ಗಂಟೆ,
ಟೀ ಸೇರಿ.
ಸ್ಟೇಷನ್ನಿನಲ್ಲಿ ಶಹನಾಯಿ, ಆರತಿ, ಚೆಂಡುಹೂವಿನ ಹಾರ.
ನಾನು ಒಳಗೆ ಟವೆಲು ಎಣಿಸುತ್ತಿದ್ದೆ.

ಸಂಜೆ ಹನ್ನೊಂದನೇ ಕ್ಯಾಬಿನ್ನಿನ ಮುದುಕಿ
ಊರುಗೋಲು ಗೋಡೆಗಾನಿಸಿ ಹೇಳಿದಳು:
ಆ ಗುಡಿಯನ್ನು ಮೇಲಿಂದ ಕೆಳಕ್ಕೆ ಕೊರೆದರಂತೆ ಡಗ್,
ಶಿಖರ ಮೊದಲು, ಪಾದ ಆಮೇಲೆ. ನಂಬುತ್ತೀಯಾ?
ನಂಬುತ್ತೇನೆ ಅಂದೆ.
ನಾಲ್ಕನೇ ಕ್ಲಾಸಿನಲ್ಲಿ ಅಲ್ಲಿನ ಸೊಂಡಿಲು ಮುರಿದ ಆನೆಯ ಕೆಳಗೆ
ಬುತ್ತಿ ಬಿಚ್ಚಿದ್ದೆ ಅನ್ನಲಿಲ್ಲ.

ಅವಳ ಬೂಟಿನಡಿ ಪೂರಾ ಕಪ್ಪು.
ಕೋಟೆಯ ಕತ್ತಲದಾರಿ, ಬಾವಲಿ ಹಿಕ್ಕೆ.
ಮೂಗಿಗೆ ಬಡಿದದ್ದೇ ತಡ
ಹತ್ತು ವರ್ಷದ ಹುಡುಗನಾಗಿ ಗೋಡೆ ತಡವಿದೆ.
ಎಡಗಾಲಿನ ಲೇಸು ಹಾಳಾದ್ದು
ಹಲ್ಲು ಹಾಕಿದ ಮೇಲೆಯೇ ಸಡಿಲಿತು.
ಅಟ್ಟೆಯ ಗೀರಿನಲ್ಲಿ ಏನೋ ಗಟ್ಟಿ. ಪಿನ್ನಿನಿಂದ ಎಬ್ಬಿಸಿದೆ.
ಸೀತಾಫಲದ ಬೀಜ,
ಎಣ್ಣೆಯಲ್ಲಿ ಅದ್ದಿ ತೆಗೆದಷ್ಟು ಕರ್ರಗೆ.

ಮಹಾದ್ವಾರದ ಎಡಕ್ಕೆ ಚಂದ್ರಭಾಗಾ ಅಕ್ಕ
ಬುಟ್ಟಿ ಇಟ್ಟು ಕೂರುತ್ತಾಳೆ.
ಚೌಕಾಸಿಗೆ ಮೊದಲೇ ಒಂದು ಹಣ್ಣು ಬಿರಿದು ಕೈಗಿಟ್ಟು
ಬೀಜ ಇಲ್ಲೇ ಉಗಿಯಿರಿ, ನಾಚಬೇಡಿ,
ಸುಲ್ತಾನರೂ ಉಗಿದು ಹೋದದ್ದು ಇಲ್ಲೇ, ಅನ್ನುತ್ತಾಳೆ.
ಆದರೆ ಅಲ್ಲಿ ಬುಟ್ಟಿಗಳು ಹದಿನೈದಿವೆ.
ಬೀಜಕ್ಕೆ ಹೆಸರು ಬರೆದಿರುವುದಿಲ್ಲ.
ಅಂಗಿ ಜೇಬಿಗೆ ಹಾಕಿಕೊಂಡೆ, ಸುಮ್ಮನೆ.

ಬೆಳಿಗ್ಗೆ ಚಹಾ ಒಯ್ದು ಕೇಳಿದೆ,
ಹಣ್ಣು ತಿಂದಿರಾ ಮೇಡಂ, ಕೋಟೆ ಬಾಗಿಲಲ್ಲಿ?
ಇಲ್ಲಪ್ಪ, ಡಾಕ್ಟರು ಬೇಡ ಅಂದಿದ್ದಾರೆ.
ಆದರೆ ಅಲ್ಲೊಬ್ಬಳು ಹಣ್ಣಿನವಳು,
ಬಗ್ಗಲಾರದೆ ನಿಂತ ನನ್ನನ್ನು ಗದರಿಸಿ ಕೂರಿಸಿ
ಬಿಚ್ಚಿದ ಲೇಸು ಕಟ್ಟಿದಳು,
ಎಷ್ಟು ಬಿಗಿ ಅಂದರೆ
ರಾತ್ರಿ ಬೂಟನ್ನು ಹಾಗೇ ಎಳೆದು ತೆಗೆದೆ.

ಎರಡು ಸುತ್ತು, ಅಡ್ಡ ಒಂದು, ತುದಿ ಒಳಕ್ಕೆ:
ಕಟ್ಟಿಗೆ ಹೊರೆಗೆ ನಮ್ಮ ಮನೆಯಲ್ಲಿ ಹಾಕುವ ಗಂಟು.
ಸಕ್ಕರೆ ಎಷ್ಟು ಎಂದು ಕೇಳಿದೆ.
ನಾಲಿಗೆಯ ತುದಿಯಲ್ಲಿ ಇನ್ನೂ
ಲೇಸಿನ ಒಂದು ನೂಲು.