ಸಣ್ಣಗಾದ ಅಕ್ಷರ

ಡಾಕ್ಟರ್ ಯೋಸ್ಟ್ ಫುರರ್ ಅವರ ಕೈಬರಹ
ಓದಬಲ್ಲವಳು ಜೂರಿಕ್‌ನಲ್ಲಿ ನಾನೊಬ್ಬಳೇ.
ಇಪ್ಪತ್ತಾರು ವರ್ಷ ಟೈಪು ಮಾಡಿದೆ:
ಎಡಗೈ ಜೋಮು, ಬಲಗಣ್ಣು ಮಬ್ಬು,
ಹೆಂಡತಿಯ ಹೆಸರು ಮರೆತ ಟ್ರಾಮ್ ಚಾಲಕ,
ಇಲ್ಲದ ಕಾಲು ತುರಿಸುತ್ತದೆಂದು ಅಳುವ ಬಡಗಿ.

ಊರಿಯ ಕಣಿವೆಯವರು. ಅಪ್ಪ
ರೈಲ್ವೆಯಲ್ಲಿ ಬಂಡೆ ನೋಡುವ ಆಳು.
ಹಿಮ ಕರಗಿದ ಮೇಲೆ ಸೊಂಟಕ್ಕೆ ಹಗ್ಗ ಬಿಗಿದು
ಹಳಿಯ ಮೇಲಣ ಕಡಿದಾದ ಬೆಟ್ಟಕ್ಕೆ ಜೋತು
ಸುತ್ತಿಗೆಯಿಂದ ತಟ್ಟುವುದು, ಕಿವಿಗೊಡುವುದು.
ಗಟ್ಟಿ ಕಲ್ಲು ಖಣ್ ಎನ್ನುತ್ತದೆ.
ಬೀಳಲಿರುವುದು ಗೊಣಗುತ್ತದೆ,
ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಮಾತಾಡಿದ ಹಾಗೆ.

ಮಗನ ಸುತ್ತಿಗೆಗೆ ರಬ್ಬರಿನ ತಲೆ.
ಮಂಡಿಯ ಕೆಳಗೆ ಒಂದೇ ಪೆಟ್ಟು;
ಕಾಲು ಹಾರಿದರೆ, ‘ಹ್ಞಾಂ, ಮನೆಯಲ್ಲಿ ಜನ ಇದ್ದಾರೆ.’
ಹಾರದಿದ್ದರೆ ಏನೂ ಅನ್ನರು.
ಕಿಟಕಿಯಾಚೆ ಸರೋವರ ನೋಡುತ್ತ
ಪೆನ್ನಿನ ಮುಚ್ಚಳ ತೆಗೆಯುವರು.

ಪ್ರೊಫೆಸರ್ ಹುದ್ದೆ ಎರಡು ಸಲ ಕೈತಪ್ಪಿತು:
ಮೊದಲು ಬಾಸೆಲ್‌ನವನೊಬ್ಬನಿಗೆ,
ಆಮೇಲೆ ಅದೇ ಬಾಸೆಲ್‌ನವನ ಅಳಿಯನಿಗೆ.
ಅಂದು ಸಂಜೆ ಟೈಪಿಗೆ ಬಂದ ಚೀಟಿ:
‘ರೋಗಿ ಶಾಂತವಾಗಿದ್ದಾನೆ. ನಿದ್ದೆ ಸರಿಯಿಲ್ಲ.’
ಯಾವ ರೋಗಿ ಎಂದು ನಾನು ಕೇಳಲಿಲ್ಲ.

ಒಂದು ಚಳಿಗಾಲ ಅಕ್ಷರ ಕಾಣದಾಯಿತು.
ವಯಸ್ಸಾಯಿತು ನನಗೆ, ಅಂದುಕೊಂಡು
ದಪ್ಪ ಗಾಜಿನ ಕನ್ನಡಕ ಕೊಂಡೆ,
ನೂರತೊಂಬತ್ತು ಫ್ರಾಂಕ್.
ಮಾರ್ಚಿನಲ್ಲಿ ನೋಡಿದರೆ, ಪ್ರತಿ ಸಾಲೂ
ಎಡದಲ್ಲಿ ಇರುವೆ, ನಡುವೆ ಇರುವೆಯ ಮರಿ,
ಬಲದಂಚಿಗೆ ಬರಿ ಧೂಳು.
ಹಳೆಯ ಕಡತ ತೆಗೆದು ಪಕ್ಕಕ್ಕಿಟ್ಟೆ.
ನನ್ನ ಕಣ್ಣು ಸರಿಯಾಗಿಯೇ ಇತ್ತು.

ಹೇಳಲು ಮೂರು ವಾರ ಧೈರ್ಯ ಕೂಡಿಸಿದೆ.
ಕೊನೆಗೂ ಹೇಳಲಿಲ್ಲ; ಎರಡು ಹಾಳೆ,
ಹತ್ತು ವರ್ಷದ ಹಿಂದಿನದು, ನಿನ್ನೆಯದು,
ಅವರ ಮೇಜಿನ ಮೇಲೆ ಒತ್ತಟ್ಟಿಗಿಟ್ಟು
ಕಾಫಿ ತರಲು ಹೋದೆ.

ಬಂದಾಗ ಓದಿ ಮುಗಿಸಿದ್ದರು.
ಎಷ್ಟೋ ಜನಕ್ಕೆ ಮೆಲ್ಲಗೆ ಹೇಳಿದ ಆ ಹೆಸರನ್ನು
ತಮಗೆ ಹೇಳಿಕೊಳ್ಳಲಿಲ್ಲ.
ಬಲಗೈಯ ಹೆಬ್ಬೆರಳು, ತೋರುಬೆರಳು
ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿದ್ದವು.
‘ಫ್ರೌ ಎಗ್ಲಿ, ನಿಮ್ಮ ಕಿವಿ ಚುರುಕು,’ ಎಂದರು.
ಕಿವಿಯಲ್ಲ ಡಾಕ್ಟರ್, ಕಣ್ಣು, ಎನ್ನಲು ಹೋದವಳು
ಆ ಬೆಟ್ಟ, ಆ ಹಗ್ಗ ನೆನಪಾಗಿ
ಸುಮ್ಮನಾದೆ.

ಕಾಫಿ ಅವರ ಮುಂದಿಟ್ಟೆ.
ನೋಡಿದರು, ಕಪ್ಪನ್ನು, ನನ್ನನ್ನು:
ಯಾವಾಗಿನಿಂದಲೋ ನಾನು
ಅರ್ಧವೇ ತುಂಬುತ್ತಿದ್ದೆ.